ತೂಕದ ಚೀಟಿ

ಕುಡತಿನಿ ಚೆಕ್‌ಪೋಸ್ಟಿನಲ್ಲಿ ಲಾರಿ ತಡೆದು
"ಏನಿದು?" ಅಂದರು.
ಬಿಲ್ಲಿನಲ್ಲಿ ಮಾಲಿನ ಹೆಸರು ಬರೆಯುವ ಜಾಗ ಖಾಲಿ.
ಮಷೀನಲ್ಲ, ಟ್ಯಾಂಕಲ್ಲ, ಶೆಡ್ಡಿನ ತೊಲೆಯೂ ಅಲ್ಲ.
ಡ್ರೈವರ್ ಖಾಜಾ ಹುಸೇನ್ ನನ್ನ ಮುಖ ನೋಡಿದ,
ನಾನು ಹಗ್ಗದ ಗಂಟು ನೋಡಿದೆ.
ಅವರೇ ಟಾರ್ಚು ಬಿಟ್ಟು, ಒಂದು ಸುತ್ತು ಬಂದು,
ಬರೆದುಕೊಂಡರು: ಗುಜರಿ.

ತೋರಣಗಲ್ಲಿನ ತೂಕದ ಕಟ್ಟೆಯವನೇ ವಾಸಿ,
ಏನೂ ಕೇಳಲಿಲ್ಲ.
ಹನ್ನೊಂದು ಸಾವಿರದ ಮುನ್ನೂರ ನಲವತ್ತು ಕೇಜಿ
ಅಂತ ಚೀಟಿ ಹರಿದುಕೊಟ್ಟ.
ಅದು ಈಗಲೂ ನನ್ನ ಪಾಕೀಟಿನಲ್ಲಿದೆ,
ಅಕ್ಷರ ಮಾಸಿ ಬರೀ ಕಾಗದ.

ಲಗ್ನಪತ್ರಿಕೆಯೊಂದನ್ನು ಮಡಿಚಿ, ಹರಿದು,
ಮೂರು ಚೂರು ಮೇಜಿನ ಮೇಲೆ ನಿಲ್ಲಿಸಿ
ಮೃಣ್ಮಯಿ ಮೇಡಂ ಹೇಳಿದ್ದಿಷ್ಟು:
"ಇದೇ. ಇಪ್ಪತ್ತೆರಡು ಅಡಿ."
ನಾನು ಚೂರುಗಳ ಸುತ್ತ ಬಗ್ಗಿ ನೋಡಿ
"ಕಂಬ ಎಲ್ಲಿ ಮೇಡಂ?" ಅಂದೆ.
"ಕಂಬ ಇಲ್ಲ. ಒಂದರ ಭಾರ ಇನ್ನೊಂದಕ್ಕೆ."
ಹೆಲ್ಪರ್ ಎರ್ರಿಸ್ವಾಮಿ ನಕ್ಕ. ನಾನು ನಗಲಿಲ್ಲ.
ಬಳ್ಳಾರಿ ಗುಡ್ಡದ ಬಂಡೆಗಳ ಕೆಳಗೆ ಬೆಳೆದವನು ನಾನು,
ಅವಕ್ಕೆ ಯಾರು ಕಂಬ ಕೊಟ್ಟಿದ್ದಾರೆ?

ನಾಲ್ಕು ತಿಂಗಳು.
ಹನ್ನೆರಡು ಎಂಎಂ ಪ್ಲೇಟು ಬೆಂಕಿಗೆ ಬಾಗುವಾಗ
ಮುನಿಸಿಕೊಂಡ ದನದ ಹಾಗೆ,
ಎಳೆದ ಕಡೆ ಬರುವುದಿಲ್ಲ, ಬಿಟ್ಟ ಕಡೆ ಹೋಗುವುದಿಲ್ಲ.
ಮೈತುಂಬ ಕಿಡಿಯ ಚುಕ್ಕೆ. ಕಣ್ಣಿಗೆ ಮರಳು ತುಂಬಿದ ರಾತ್ರಿ
ಹೆಂಡತಿ ಆಲೂಗಡ್ಡೆ ಹೆಚ್ಚಿ ರೆಪ್ಪೆಯ ಮೇಲಿಟ್ಟು
"ಏನು ಮಾಡ್ತಿದ್ದೀರಿ ಹೇಳಿರಿ" ಅಂದಳು.
ಗೊತ್ತಿದ್ದರೆ ತಾನೇ.

ಈಗ ಅದು ಕೊಳಗಲ್ಲು ರಸ್ತೆಯ ಮ್ಯೂಸಿಯಮ್ಮಿನ ಅಂಗಳದಲ್ಲಿದೆ.
ಟಿಕೀಟು ಇಪ್ಪತ್ತು ರೂಪಾಯಿ.
ಫಲಕ: ಶೀರ್ಷಿಕೆ ಇಲ್ಲ. ಉಕ್ಕು.
ಅದರ ಕೆಳಗೆ: ಮುಟ್ಟಬಾರದು.
ಶಾಲೆ ಮಕ್ಕಳು ಆನೆಕಿವಿ ಅಂದವು, ಜಾರಬಂಡೆ ಅಂದವು,
ಒಬ್ಬ "ಹಪ್ಪಳ ಸುಟ್ಟಿತು" ಅಂದು ಏಟು ತಿಂದ.
ಕಸ ಗುಡಿಸುವ ಹುಲುಗಮ್ಮ ಮಾತ್ರ
ಅದನ್ನು "ಆಕೆ" ಅನ್ನುತ್ತಾಳೆ.
"ಹಗಲೆಲ್ಲ ಬಿಸಿಲು ಕುಡಿದು ಉಬ್ಬಿರ್ತಾಳೆ ಅಣ್ಣಾ,
ರಾತ್ರಿ ತಂಪಾದ ಮ್ಯಾಲೆ ನೆಟಿಗೆ ಮುರೀತಾಳೆ.
ಟಣ್. ಆಮ್ಯಾಲೆ ಸ್ವಲ್ಪ ಹೊತ್ತು ಬಿಟ್ಟು, ಟಣ್.
ವಾಚ್‌ಮನ್ ಮೊದಮೊದಲು ಹನುಮಪ್ಪನ ಹೆಸರು ಹೇಳ್ಕೊಂಡು ಕೂಡ್ತಿದ್ದ.
ಈಗ ಆ ಸಪ್ಪಳ ಇಲ್ಲದಿದ್ರೆ ಅವನಿಗೆ ನಿದ್ದಿಲ್ಲ."

ನಾನು ಬಂದದ್ದು ಚಂದ ನೋಡಲಿಕ್ಕಲ್ಲ.
ಎರಡನೆಯ ಹಾಳೆ ಮೂರನೆಯದಕ್ಕೆ ಹೆಗಲು ಕೊಡುವಲ್ಲಿ,
ಹಿಂಬದಿಗೆ, ಮೊಳಕಾಲೆತ್ತರದಲ್ಲಿ, ಒಂದು ಗೇಣು ಬೆಸುಗೆ:
ಆ ರಾತ್ರಿ ಕರೆಂಟು ಜೋಲಿ ಹೊಡೆದು ಕಿಡಿ ಸತ್ತಿತ್ತು.
ಕೆತ್ತಿ ತೆಗೆದು ಹೊಸದಾಗಿ ತುಂಬಬೇಕಿತ್ತು.
ಬೆಳಗ್ಗೆ ಲಾರಿ.
ಗ್ರೈಂಡರ್ ಹಿಡಿದು ಮೇಲಿನಿಂದ ನುಣ್ಣಗೆ ಮಾಡಿಬಿಟ್ಟೆ.
ಮೇಡಂ ಅಲ್ಲೇ ಅಂಗೈ ಆಡಿಸಿ,
ಕಣ್ಣು ಮುಚ್ಚಿ,
ಸುಮ್ಮನೆ ನಿಂತಿದ್ದರು.
ಒಳಗೆ ಗಾಳಿಗುಳ್ಳೆ ಇದೆ ಅಂತ
ಬಾಯಿಗೆ ಬಂದದ್ದನ್ನು ನುಂಗಿದೆ.

ಮೂರು ವರ್ಷ.
ಬಿದ್ದೀತು ಅಂತಲ್ಲ, ಬೀಳುವುದಿಲ್ಲ.
ಹನ್ನೊಂದು ಟನ್ನು ನಿಂತ ಜಾಗದಲ್ಲಿ
ಒಂದು ಗೇಣಿನ ಸುಳ್ಳು ಯಾವ ಲೆಕ್ಕ.
ಆದರೂ ತಿಂಗಳಿಗೊಮ್ಮೆ ಇಪ್ಪತ್ತು ರೂಪಾಯಿ ಕೊಟ್ಟು
ಎಲ್ಲರೂ ಮುಂದೆ ನಿಂತು ತಲೆಯೆತ್ತಿ ನೋಡುವಾಗ
ನಾನು ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂರುತ್ತೇನೆ.

ಇವತ್ತು ಅಲ್ಲೊಂದು ಕೆಂಪು.
ಸಾಸಿವೆಯಷ್ಟು, ಅದರ ಕೆಳಗೆ ಎಳೆಯಷ್ಟು ಗೆರೆ.
ತುಕ್ಕೋ,
ಸಂಡೂರಿನ ಕಡೆಯಿಂದ ಲಾರಿಗಳು ಎಬ್ಬಿಸಿ ಕಳಿಸುವ ಧೂಳೋ.
ಎರಡಕ್ಕೂ ಒಂದೇ ಬಣ್ಣ ಈ ಊರಲ್ಲಿ.
ಫಲಕದ ಕಡೆ ನೋಡದೆ ಬೆರಳೊತ್ತಿದೆ.
ನಾಲಿಗೆಗೆ ಇಟ್ಟುಕೊಂಡೆ.
ಗೊತ್ತಾಗಲಿಲ್ಲ.

"ಅಣ್ಣಾ, ಬಾಗಿಲು ಹಾಕೋ ಹೊತ್ತು."
ಹುಲುಗಮ್ಮ ನನ್ನ ಬೆರಳು ನೋಡಿದಳು,
ಏನೂ ಕೇಳದೆ
ಸೊಂಟದ ಒರೆಸುಬಟ್ಟೆ ತೆಗೆದು ಕೊಟ್ಟಳು.
ಬೆರಳಿಗೋ, ಆಕೆಗೋ,
ಹೇಳಲಿಲ್ಲ.